ಹಿಂಜುವ ಯಂತ್ರದ ಸದ್ದು

ಐವತ್ತರ ದಶಕದ ಕೊನೆಯಲ್ಲಿ ನಾನು ಶಿರಾ ಹತ್ತಿರದ ಕಂಬಳಿ ನೇಕಾರರ ಸಣ್ಣ ಸಂಘವೊಂದಕ್ಕೆ ಕಾರ್ಯದರ್ಶಿಯಾಗಿದ್ದೆ. ಆಗಷ್ಟೇ ತರಬೇತಿ ಮುಗಿಸಿ ಬಂದವನು. ಲೋಕವನ್ನೆಲ್ಲ ತಿದ್ದುವ ಹೊಣೆ ನನ್ನ ಮೇಲೇ ಬಿದ್ದಿದೆ ಎಂದು ನಂಬಿದ್ದೆ. ಮೊದಲು ಕಣ್ಣಿಗೆ ಬಿದ್ದವರು ಹಿಂದಿನ ಕೊಠಡಿಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದ ವಯಸ್ಸಾದ ಸಾಬರು. ತೊಲೆಗೆ ತೂಗುಹಾಕಿದ ದೊಡ್ಡ ಬಿಲ್ಲನ್ನು ಅವರು ಮೀಟಿದರೆ ಗಂಟುಗಟ್ಟಿದ ಉಣ್ಣೆ ಬಿಡಿಬಿಡಿಯಾಗಿ ಹಾರಿ ಬೀಳುತ್ತಿತ್ತು. ಅವರಿಗೆ ಹೊಲವಿಲ್ಲ, ಬೇರೆ ಕಸುಬು ಬರದು. ಐದು ಜನರ ಊಟ ಆ ಬಿಲ್ಲಿನಿಂದಲೇ ನಡೆಯಬೇಕಿತ್ತು. ನನಗೆ ಕಂಡದ್ದು ಮಾತ್ರ ಹಳೇ ಪದ್ಧತಿ.

ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿ ಹಿಂಜುವ ಯಂತ್ರವೊಂದನ್ನು ತರಿಸಿದೆ. ಕರೆಂಟು ಇನ್ನೂ ಬಂದಿರಲಿಲ್ಲವಾದ್ದರಿಂದ ಜೊತೆಗೊಂದು ಡೀಸೆಲ್ ಇಂಜಿನ್ನೂ ಬಂತು. ಎರಡಕ್ಕೂ ಕುಂಕುಮ ಹಚ್ಚಿ ಹಾರ ಹಾಕಿದೆವು. ಸಾಬರು ಮೂಲೆಯಲ್ಲಿ ನಿಂತು ಎಲ್ಲ ನೋಡಿದರು.

"ಸಾಮಿ, ನಾಳೆ ನಾನು ಬರ್ಬೇಕೋ ಬ್ಯಾಡ್ವೋ, ಅದೊಂದು ಹೇಳ್ಬುಡಿ."

"ಬೇಡಿ ಸಾಬ್ರೇ, ಇನ್ಮೇಲೆ ನಿಮಗೆ ವಿಶ್ರಾಂತಿ" ಎಂದೆ.

ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡು ಅದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟೆನಲ್ಲ, ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆ ಯಂತ್ರ ಯಾವ ದೇಶದ ಕುರಿಗೆಂದು ಹುಟ್ಟಿತ್ತೋ ಕಾಣೆ. ನಮ್ಮ ಕುರಿಗಳು ಜಾಲಿ ಪೊದೆಯಲ್ಲಿ ನುಗ್ಗಿ ಮೇಯುವಂಥವು; ಉಣ್ಣೆಯಲ್ಲಿ ಅರ್ಧ ಮುಳ್ಳೇ. ಸಾಬರು ಬೆರಳಿನಿಂದ ತಡವಿ ತೆಗೆಯುತ್ತಿದ್ದ ಮುಳ್ಳನ್ನು ಯಂತ್ರ ಅಗಿಯಲು ಹೋಗಿ ಹಲ್ಲು ಮುರಿದುಕೊಂಡಿತು. ಉಳಿದ ಹಲ್ಲುಗಳು ಉಣ್ಣೆಯನ್ನು ತುಂಡುತುಂಡು ಮಾಡಿದವು. ಆ ಉಣ್ಣೆಯ ಮೊದಲ ಕಂಬಳಿಯನ್ನು ನೋಡಲು ನಿಡುಗಲ್ ಕಡೆಯ ಕುರಿಗಾಹಿಯೊಬ್ಬ ಬಂದ. ಕುರಿಗಾಹಿಗಳದೊಂದು ಪರೀಕ್ಷೆಯುಂಟು: ಕಂಬಳಿಯ ನಾಲ್ಕು ಮೂಲೆ ಹಿಡಿಸಿ ಒಂದು ಚೊಂಬು ನೀರು ಸುರಿಯುವುದು, ಒಂದು ಸಲ ಎಲೆ ಅಡಿಕೆ ಜಗಿದು ಮುಗಿಯುವ ತನಕ ಹನಿ ಕೆಳಗೆ ಬೀಳಬಾರದು. ಅವನು ಎಲೆ ಅಡಿಕೆಯ ಚೀಲ ಬಿಚ್ಚುವ ಮೊದಲೇ ನೀರು ಅವನ ಕಾಲ ಮೇಲಿತ್ತು.

"ಇದು ಕಂಬಳಿ ಕಾದು ಸಾಮಿ, ಜಲ್ಡಿ" ಎಂದು, ಇದು ಕಂಬಳಿಯಲ್ಲ ಜರಡಿ ಎಂಬ ತೀರ್ಪನ್ನು ಅರ್ಧ ತೆಲುಗಿನಲ್ಲೇ ಕೊಟ್ಟು ಹೊರಟ.

ಅಷ್ಟರಲ್ಲಿ ಯಂತ್ರ ಸೊಗಸಾಗಿ ಕೆಲಸ ಮಾಡುತ್ತಿದೆ ಎಂಬ ವರದಿಗೆ ನಾನು ರುಜು ಹಾಕಿ ಕಳಿಸಿಯಾಗಿತ್ತು. ಸಂಘದ ಅಧ್ಯಕ್ಷರು ತಲೆ ಕೆರೆದುಕೊಂಡರು. "ಆ ವರದಿ ಸುಳ್ಳು ಅಂತ ಬರೆದ್ರೆ ಮರ್ವಾದೆ ಹೋಯ್ತದೆ. ಸಾಬ್ರನ್ನ ಕರ್ಸು. ಆದ್ರೆ ಬಿಲ್ಲಿನ ಸದ್ದು ಬೀದಿಗೆ ಕೇಳ್ಕೂಡ್ದು."

ಸಾಬರು ಏನೂ ಕೇಳದೆ ಬಂದರು. ಅವರು ಬಿಲ್ಲು ಕೈಗೆತ್ತಿಕೊಂಡ ಕೂಡಲೇ ನಾನು ಇಂಜಿನ್ ಚಾಲೂ ಮಾಡಬೇಕು. ಯಂತ್ರಕ್ಕೆ ಹೋಗುವ ಬೆಲ್ಟನ್ನು ಬಿಚ್ಚಿಟ್ಟಿದ್ದೆವು. ಇಂಜಿನ್ನಿನ ಕೆಲಸ ಬರೀ ಗದ್ದಲ ಮಾಡುವುದು. ಅದು ಕೆಮ್ಮಿ ನಿಂತರೆ ಸಾಬರೂ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. "ಮಿಷನ್ ಭರ್ಜರಿಯಾಗಿ ಓಡ್ತೈತೆ ಕಣ್ಲಾ" ಎಂದು ಬೀದಿಯಲ್ಲಿ ಹೋಗುವವರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನಾಚಿಕೆಯಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ.

ಕೆಲವು ತಿಂಗಳ ಮೇಲೆ ತುಮಕೂರಿನಿಂದ ಸಾಹೇಬರೊಬ್ಬರು ತನಿಖೆಗೆ ಬಂದರು. ಬೆಲ್ಟು ಹಾಕಿ ಯಂತ್ರವನ್ನು ಖಾಲಿಯೇ ಓಡಿಸಿ ತೋರಿಸಿ, ಪಕ್ಕದಲ್ಲಿ ಹಿಂಜಿದ ಉಣ್ಣೆಯ ರಾಶಿ ಇಟ್ಟೆವು. ಅವರು ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದು, ಬಾಗಿಲಲ್ಲಿ ನಿಂತಿದ್ದ ಸಾಬರಿಗೆ ತೋರಿಸಿದರು.

"ನೋಡಿದಿರಾ, ಕೈಯಲ್ಲಿ ಇಷ್ಟು ಸಮವಾಗಿ ಹಿಂಜೋಕೆ ಆಗುತ್ತಾ?"

"ಎಲ್ಲಿ ಆಯ್ತದೆ ಸಾಹೇಬ್ರೇ" ಎಂದರು ಸಾಬರು, ತಲೆ ಬಗ್ಗಿಸಿ.

ಸಾಹೇಬರಿಗೆ ಬಹಳ ತೃಪ್ತಿಯಾಯಿತು. ಇಷ್ಟು ಚೆನ್ನಾಗಿ ನಡೆಸುವ ಸಂಘಕ್ಕೆ ಎರಡನೇ ಯಂತ್ರ ಕೊಡಿಸುವುದಾಗಿ ಅಲ್ಲೇ ಬರೆದುಕೊಂಡು ಜೀಪು ಹತ್ತಿದರು. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ನಾನು ಉಣ್ಣೆಯ ರಾಶಿಯನ್ನು ಚೀಲಕ್ಕೆ ತುಂಬತೊಡಗಿದೆ.

ಜೀಪಿನ ಧೂಳು ಅಡಗಿದ ಮೇಲೆ ಸಾಬರು ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಅಂದರು: "ಸಾಮಿ, ಗೌಡಗೆರೆಯಾಗೆ ನನ್ ತಮ್ಮ ಅವ್ನೆ. ಅವನೂ ಹಿಂಜೋನೇ, ಕೆಲ್ಸ ಇಲ್ದೆ ಕುಂತವ್ನೆ. ಇನ್ನೊಂದು ಮಿಷನ್ ಬಂದ್ರೆ ಅವನ್ನೂ ಕರ್ಕೊಂಡ್ ಬರ್ಲಾ?"