ಸದಸ್ಯರಿಗೆ ಮಾತ್ರ

ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ನಮ್ಮ ಕನ್ನಡ ಮೇಷ್ಟ್ರ ಬೋಳುತಲೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಒಂದು ಗೆರೆಯೇ ಬಿದ್ದುಬಿಟ್ಟಿತ್ತು. ಕೊಳ್ಳೇಗಾಲದ ಕಾಲೇಜಿನಲ್ಲಿ ನಾವು ಹಿಂದಿನ ಬೆಂಚಿನವರು ಅದನ್ನು ನೋಡಿ ಕಿಸಕ್ಕನೆ ನಗುತ್ತಿದ್ದೆವು. ಅವರಿಗೂ ಗೊತ್ತಿತ್ತು. "ನಗ್ರಲಾ ನಗ್ರಿ. ನಿಮ್ಮಜ್ಜೀರು ಓಡಾಡಿರೋ ದಾರಿ ಕಣ್ರಲಾ ಇದು" ಎಂದು ತಲೆ ಸವರಿಕೊಳ್ಳುತ್ತಿದ್ದರು.

ಅವರು ಕೇಳುತ್ತಿದ್ದದ್ದು ಸಾವಿನ ಮನೆಯ ಪದಗಳನ್ನು. ಹೆಣದ ಮುಂದೆ ಕೂತ ಹೆಂಗಸರು ಸತ್ತವರ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಾರಲ್ಲ, ಅವು. ಸಾವಾಗದ ಮನೆಯಲ್ಲಿ ಆ ಪದ ಎತ್ತಕೂಡದು. ಎತ್ತಿದರೆ ಸಾವನ್ನು ಕರೆದಂತೆ. ಅದಕ್ಕೇ ಮೇಷ್ಟ್ರು ಬಂಡಳ್ಳಿ, ಮಧುವನಹಳ್ಳಿ ಅಂತ ಸುತ್ತಿ, ಮುದುಕಿಯರನ್ನು ಕಾಡಿ ಬೇಡಿ ಕಾಲೇಜಿನ ಹಿಂದಿನ ಕೋಣೆಗೆ ಕರೆತಂದು ರೆಕಾರ್ಡ್ ಮಾಡುತ್ತಿದ್ದರು. ಕಾಲೇಜು ಯಾರ ಮನೆಯೂ ಅಲ್ಲವಲ್ಲ! ತಮಿಳುನಾಡಿನ ಗಡಿಯ ಗೋಪಿನಾಥಂ ಕಡೆಯವರು ಅರ್ಧ ತಮಿಳಿನಲ್ಲೇ ಅಳುತ್ತಿದ್ದರು. "ಅಳಲಿ ಬುಡ್ಲಾ, ಕಣ್ಣೀರಿಗೆ ಯಾವ ಗಡಿ?" ಎನ್ನುತ್ತಿದ್ದರು ಮೇಷ್ಟ್ರು.

ಆ ರೆಕಾರ್ಡಿಂಗಿನ ಪ್ರತಿಯನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಮೇಷ್ಟ್ರೂ ಒಯ್ಯಲಿಲ್ಲ. ಸತ್ತ ತಾಯಿಯ ದನಿ ಕೇಳಬೇಕು ಅನ್ನಿಸಿದವರು ಆ ಕೋಣೆಗೇ ಬರಬೇಕು. ಬಂಡಳ್ಳಿಯ ಹೆಂಗಸೊಬ್ಬಳು ವರ್ಷವರ್ಷವೂ ಮಾರ್ನಮಿಯಲ್ಲಿ, ಹಿರಿಯರಿಗೆ ಎಡೆ ಇಡುವ ಮುಂಚೆ ಬಂದು, ಅವ್ವನ ಪದ ಕೇಳಿಸಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋಗುವಳು. "ನಿಮ್ಮವ್ವನ ದನಿ ಎಲ್ಲೂ ಓಗಲ್ಲ ಕಣವ್ವ" ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಆ ಮಾತಿಗಾಗಿಯೇ ಅವರು ಕಾಲೇಜನ್ನು ಒಕ್ಕೂಟಕ್ಕೆ ಸೇರಿಸಿದ್ದು. ದೇಶದ ನುಡಿಗಳ ದನಿ, ಬರಹಗಳನ್ನೆಲ್ಲ ಒಂದೆಡೆ ಕಾಪಿಡುವ ರಾಷ್ಟ್ರಮಟ್ಟದ ಸಂಶೋಧನಾ ಒಕ್ಕೂಟ ಅದು, ಸಂಸ್ಥೆಗಳಿಗಷ್ಟೇ ಸದಸ್ಯತ್ವ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ನಮ್ಮ ಕಾಲೇಜಿನ ಹೆಸರು ಬಂದ ದಿನ ಮೇಷ್ಟ್ರು ಮೈಸೂರು ಪಾಕು ಹಂಚಿದರು. ಪದಗಳನ್ನು ಕಳಿಸುವಾಗ, ಇವನ್ನು ಯಾರು ಯಾರು ಕೇಳಬಹುದು ಎಂದು ಒಕ್ಕೂಟದವರು ಕೇಳಿದರು. "ಎಲ್ಲರೂ ಅಂತ ಹಾಕಿ ಸಾ" ಅಂದೆ. ಮೇಷ್ಟ್ರು ಹೌಹಾರಿಬಿಟ್ಟರು. "ನಾಳೆ ಮದುವೆ ಮನೇಲಿ ಯಾವನೋ ಮೊಬೈಲಲ್ಲಿ ಆಕ್ತಾನೆ ಕಣ್ಲಾ! ಆ ಮುದುಕೀರು ನನ್ನ ನಂಬಿ ಅತ್ತವ್ರೆ" ಎಂದು, ಸದಸ್ಯರಿಗೆ ಮಾತ್ರ ಅಂತ ತಾವೇ ಬೀಗ ಹಾಕಿದರು. ಸರಿಯಾಗೇ ಇದೆ ಅನ್ನಿಸಿತು ನನಗೂ.

ಮೇಷ್ಟ್ರು ನಿವೃತ್ತರಾದರು. ಹುಡುಗರು ಸಾಲದೆ ಕನ್ನಡ ವಿಭಾಗ ಮುಚ್ಚಿತು. ಕೋಣೆ ಖಾಲಿ ಮಾಡಿಸಿದವರು ಪದಗಳಿದ್ದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರು. ಕೇಳುವವರಿಲ್ಲದೆ ಸದಸ್ಯತ್ವವೂ ತಪ್ಪಿಹೋಯಿತು. ಇಷ್ಟೆಲ್ಲ ಆಗಿದೆ ಎಂದು ಮೇಷ್ಟ್ರಿಗೆ ಗೊತ್ತಾದದ್ದು, ಮಾರ್ನಮಿಗೆ ಬಂದ ಬಂಡಳ್ಳಿಯವಳು ಕಾಲೇಜಿನ ಗೇಟಿನಿಂದ ನೆಟ್ಟಗೆ ಅವರ ಮನೆಗೆ ಬಂದು ನಿಂತಾಗ.

ಆಮೇಲೆ ಅವರು ಅಲೆಯದ ಜಾಗವಿಲ್ಲ. ಒಕ್ಕೂಟಕ್ಕೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಬಲು ಮರ್ಯಾದೆಯಿಂದ, "ಒಬ್ಬೊಬ್ಬರಿಗೆ ಕೊಡೋಕಾಗಲ್ಲ ಸರ್. ಬೇರೆಯವರಿಗೆ ಕೊಡಬೇಡಿ ಅಂತ ನಿಮ್ಮ ಕಾಲೇಜೇ ಹೇಳಿದೆ" ಎಂದಳು. ಪಾಪ, ಅವಳದೇನು ತಪ್ಪು! ಕಾಲೇಜಿಗೆ ಹೋದರೆ ಹೊಸ ಪ್ರಿನ್ಸಿಪಾಲರು, "ಇಲ್ಲದ ವಿಭಾಗಕ್ಕೆ ಸದಸ್ಯತ್ವ ಯಾಕೆ ಸಾರ್?" ಅಂದರು. ನೀವಾದರೂ ಒಕ್ಕೂಟಕ್ಕೆ ಸೇರಿಕೊಳ್ಳಿ ಎಂದು ಮೇಷ್ಟ್ರು ಹನೂರಿನ ಕಾಲೇಜಿನವರನ್ನು ಕೇಳಿದರು, ಅವರೂ ಒಪ್ಪಲಿಲ್ಲ. ಕೊನೆಗೆ ನಾನು ಅತಿಥಿ ಉಪನ್ಯಾಸಕನಾಗಿದ್ದ ಯಳಂದೂರಿನ ಕಾಲೇಜಿಗೂ ಬಂದರು. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೇ ಒಳಗೆ ಹೋದೆ. "ಅಳೋ ಹಾಡಿನಿಂದ ಕಾಲೇಜಿಗೇನ್ರಿ ಬರುತ್ತೆ?" ಅಂದರು ನಮ್ಮ ಸಾಹೇಬರು. ನನ್ನ ಮುಖ ನೋಡಿಯೇ ಮೇಷ್ಟ್ರು ಎದ್ದುಬಿಟ್ಟರು. "ಬುಡ್ಲಾ. ಬೀಗ ಆಕ್ದವ್ನು ನಾನೇ ಅಲ್ವಾ?" ಎಂದರು. ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಬೇಗನೆ ಹಾಸಿಗೆ ಹಿಡಿದರು. ನೋಡಲು ಹೋದಾಗಲೆಲ್ಲ, "ಆಯಮ್ಮ ಬಂದ್ರೆ ಏನ್ಲಾ ಏಳ್ತೀಯ?" ಎಂದು ಕೇಳುವರು. ನನ್ನಂಥವನಿಗೆ ಅನ್ನದ ದಾರಿ ತೋರಿಸಿದ ಮನುಷ್ಯ. ನಾನು ಅವರ ಹೊದಿಕೆ ಸರಿಮಾಡುತ್ತ ಕೂರುತ್ತಿದ್ದೆ.

ಅವರು ಹೋದ ದಿನ ಬಂಡಳ್ಳಿಯವಳು ಸುದ್ದಿ ಕೇಳಿ ಬಂದಳು. ಮೇಷ್ಟ್ರ ಮನೆಯ ಹೆಂಗಸರಿಗೆ ಪದ ಬಾರದು, ಸುಮ್ಮನೆ ಬಿಕ್ಕುತ್ತಿದ್ದರು. ಅವಳು ತಲೆಯ ಹತ್ತಿರ ಕೂತು, ಸೆರಗು ಬಾಯಿಗೊತ್ತಿ, ತನ್ನವ್ವನ ಪದವನ್ನೇ ಎತ್ತಿಕೊಂಡಳು. ಒಂದಷ್ಟು ದೂರ ಹೋಗಿ ತಡವರಿಸಿದಳು. ಹಿಂದಕ್ಕೆ ಬಂದು ಮತ್ತೆ ಎತ್ತಿದಳು. ಅಲ್ಲೇ ನಿಂತಿತು.

"ಮುಂದುಕ್ಕೆ ಬರಕಿಲ್ವಲ್ಲಾ ಮೇಷ್ಟ್ರೇ..." ಎಂದು ಎದ್ದು ಹೋಗಿ ಅವರ ಕಾಲು ಹಿಡಿದುಕೊಂಡಳು.

ಹೊತ್ತಾಗುತ್ತಿತ್ತು. ಅಷ್ಟಕ್ಕೇ ಚಟ್ಟ ಎತ್ತಿದರು.