ಶಾಸ್ತ್ರದ ಸಮಾಧಾನಪ್ಪ ಮಾಸ್ತರರು

ಸಮಾಧಾನಪ್ಪ ಮಾಸ್ತರರು ಕಣ್ಣು ಮುಚ್ಚಿಕೊಂಡು ಓದುತ್ತಿದ್ದರು. ತೊಡೆಯ ಮೇಲೆ ಗ್ರಂಥ ತೆರೆದಿರುತ್ತಿತ್ತು, ಬೆರಳು ಸಾಲಿನ ಮೇಲಿರುತ್ತಿತ್ತು, ಕಣ್ಣು ಮಾತ್ರ ಮುಚ್ಚಿರುತ್ತಿತ್ತು. ಬಸ್ಸು ಕುಲುಕಿದರೆ ಬೆರಳು ಎರಡು ಸಾಲು ಆಚೆ ಜಾರುತ್ತಿತ್ತು. ಅವರು ಮಾತ್ರ ಎಲ್ಲಿದ್ದರೋ ಅಲ್ಲೇ ಇರುತ್ತಿದ್ದರು. ಮೊದಲ ದಿನ ನಾನು ನಿದ್ದೆ ಹತ್ತಿದೆ ಎಂದುಕೊಂಡು ಭುಜ ತಟ್ಟಿ, "ಯಜಮಾನ್ರ, ಟಿಕೆಟ್ರಿ" ಅಂದೆ. ಅವರು ಕಣ್ಣು ತೆರೆಯದೆ, "ಒಂದ್ ರಾಮದುರ್ಗ ಕೊಡ್ರಿ. ಸ್ವಲ್ಪ ತಡೀರಿ, ದೋಣಿ ಇನ್ನೂ ದಂಡಿ ಮುಟ್ಟಿಲ್ಲ" ಅಂದರು.

ಮಲಪ್ರಭೆ ಅಲ್ಲಿಂದ ಇನ್ನೂ ದೂರವಿತ್ತು. ಕಿಟಕಿಯ ಆಚೆ ಕರಿ ಹೊಲ, ಬಿಳಿ ಬಿಸಿಲು, ಬದುವಿನ ಮೇಲೆ ಒಂದು ಜಾಲಿ ಗಿಡ. ಯಾವ ದೋಣಿ, ಯಾವ ದಂಡೆ? ಟಿಕೆಟ್ ಹರಿದು ಅವರ ಅಂಗೈಯಲ್ಲಿಟ್ಟು ಮುಂದೆ ಹೋದೆ. ಸ್ವಲ್ಪ ಹೊತ್ತಿಗೆ ಅವರೇ ಕರೆದು, ಕಿಸೆಯಿಂದ ಒಂದು ಮುಷ್ಟಿ ಪುಟಾಣಿ ತೆಗೆದು ಕೊಟ್ಟು, "ಮುಟ್ಟಿತ್ರಿ" ಅಂದರು.

ನಾನು ಬೈಲಹೊಂಗಲದಿಂದ ಮುರಗೋಡ, ಸವದತ್ತಿ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಮಾಸ್ತರರು ಬೈಲಹೊಂಗಲದ ಒಂದು ಸಣ್ಣ ಪ್ರಾಟೆಸ್ಟಂಟ್ ಸಭೆಯಲ್ಲಿ ಶಾಸ್ತ್ರ ಕಲಿಸುವವರು. ಶನಿವಾರಕ್ಕೊಮ್ಮೆ ಸವದತ್ತಿ, ರಾಮದುರ್ಗದ ಕ್ರೈಸ್ತ ಮನೆಗಳಿಗೂ ಹೋಗಿ ಪಾಠ ಹೇಳುತ್ತಿದ್ದರು. ತೆಳ್ಳಗಿನ ಎತ್ತರದ ಆಳು. ಎಂಥ ಬೇಸಿಗೆಯಲ್ಲೂ ಅಂಗಿಯ ತೋಳು ಮಡಚುತ್ತಿರಲಿಲ್ಲ. ಪ್ರಾರ್ಥನಾ ಮಂದಿರದ ಹಿಂದೆ ಸಭೆಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಕರುಣಾಬಾಯಿಯವರೊಂದಿಗೆ ಇದ್ದರು. ಮಕ್ಕಳಿರಲಿಲ್ಲ. ಕರುಣಾಬಾಯಿ ಆಸ್ಪತ್ರೆಯಲ್ಲಿ ನರ್ಸ್. ಅವರ ತಂದೆ ಅದೇ ಸಭೆಯ ಪಾಸ್ಟರ್ ಆಗಿದ್ದವರು. ನಾನು ಅವರನ್ನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುತ್ತಿದ್ದೆ. ನಮ್ಮದು ಲಿಂಗವಂತರ ಒಕ್ಕಲುತನದ ಮನೆ. ಆದರೂ ಅವರ ಮನೆಯ ಚಹಾ ಕುಡಿಯದೆ ನನ್ನ ಡ್ಯೂಟಿ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ಮಾಸ್ತರರ ಪಾಠವೆಂದರೆ ಪ್ರಶ್ನೆ ಕೇಳುವುದು. ಅರ್ಥ ಹೇಳುವ ಅವಸರ ಅವರಿಗೆ ಎಂದೂ ಇರಲಿಲ್ಲ. "ಅವತ್ತ ಗಾಳಿ ಯಾ ಕಡಿಯಿಂದ ಬೀಸಾಕತ್ತಿತ್ತು? ಆ ಮನ್ಯಾಗ ಏನ್ ಅಡಗಿ ಮಾಡಿದ್ರು? ಅದನ್ನ ಮೊದ್ಲ ನೋಡ್ರಿ, ಅರ್ಥ ಆಮ್ಯಾಗ ತಾನs ಬರತೈತಿ" ಎನ್ನುತ್ತಿದ್ದರು. ಮೊದಲ ದಿನದ ಆ ದೋಣಿಯೂ ಗ್ರಂಥದೊಳಗಿನದೇ ಎಂದು ನನಗೆ ಆಮೇಲೆ ತಿಳಿಯಿತು.

ಒಮ್ಮೆ ಮುರಗೋಡ ದಾಟಿದ ಮೇಲೆ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಡ್ರೈವರ್ ಜಾಕು ಹಚ್ಚುತ್ತಿದ್ದ. ಪ್ರಯಾಣಿಕರೆಲ್ಲ ಬೇವಿನ ನೆರಳಿಗೆ ಕುಳಿತರು. ನೊಣ ಹಾರುವ ಸದ್ದು ಕೇಳುವಷ್ಟು ನಿಶ್ಶಬ್ದದ ಮಧ್ಯಾಹ್ನ. ಸಿರಸಂಗಿಯ ಒಬ್ಬ ಮುದುಕಿ ತಂಬಿಗೆಯಿಂದ ನೀರು ಕುಡಿದು ಮಾಸ್ತರರ ಕಡೆ ಚಾಚಿದಳು. ಅವರು ಕುಡಿದು, ತುಟಿ ಒರೆಸಿಕೊಂಡು ಕೇಳಿದರು:

"ಆಯಿ, ಒಬ್ಬ ಹೆಣ್ಣಮಗಳು ಬಾವಿಗೆ ನೀರಿಗೆ ಬರತಾಳ. ಸುಡುಸುಡು ಮಧ್ಯಾಹ್ನ. ಯಾಕ ಅಷ್ಟೊತ್ತಿನಾಗ ಬರತಾಳ?"

"ಮುಂಜಾನಿ ಬಂದ್ರ ಉಳದ ಹೆಂಗಸ್ರು ಇರತಾರಲ್ಲೋ ಎಪ್ಪಾ," ಅಂದಳು ಮುದುಕಿ. "ಅವ್ರ ಬಾಯಿಗೆ ಅಂಜಿ ಬರತಾಳ."

"ಅಲ್ಲಿ ಒಬ್ಬಾಂವ ಕುಂತಾನ. ದಣದಾನ. ನೀರ್ ಕೊಡು ಅಂತ ಅಕೀನ್ನ ಕೇಳತಾನ."

"ಅಕೀನ್ನ ಕೇಳಿದ್ನಾ?" ಮುದುಕಿ ಸೆರಗು ಸರಿಮಾಡಿಕೊಂಡಳು. "ಹಂಗಾರ ಅವತ್ತ ಅಕಿ ಅಳಕೋತ ಮನಿಗೆ ಹೋಗಿರಬೇಕು ನೋಡು. ಬ್ಯಾಸರಕ್ಕಲ್ಲ."

ಬಸ್ಸು ಹೊರಟ ಮೇಲೆ ಮಾಸ್ತರರು ನನ್ನ ಪಕ್ಕ ನಿಂತು, "ಈರಪ್ಪ, ಯೇಸುಸ್ವಾಮಿ ನೀರ್ ಕೇಳಿದ ಮ್ಯಾಗ ಅಕಿ ಅತ್ತಳು ಅಂತ ಗ್ರಂಥದಾಗ ಎಲ್ಲೂ ಬರದಿಲ್ಲ. ಆದ್ರ ಅತ್ತಿರತಾಳ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರ ಮುಖ ಹಬ್ಬದ ದಿನದಂತಿತ್ತು.

ಇಂಥ ಮನುಷ್ಯನಿಗೆ ಅವರ ಪ್ರಶ್ನೆಯೇ ಒಂದು ದಿನ ತಿರುಗಿ ನಿಂತಿತು. ರಾಮದುರ್ಗದಲ್ಲಿ ಬಸ್ಸಿಗೆ ತಡವಿದ್ದುದರಿಂದ ನಾನೂ ಅವತ್ತು ಅವರ ಪಾಠಕ್ಕೆ ಹೋಗಿದ್ದೆ. ನೇಕಾರರೊಬ್ಬರ ಮನೆಯ ಪಡಸಾಲೆ. ಮಗ್ಗ ನಿಲ್ಲಿಸಿ ಏಳೆಂಟು ಜನ ಕುಳಿತಿದ್ದರು. ಯೇಸುಸ್ವಾಮಿ ತನ್ನ ದೇಹವೇ ಊಟವೆಂದು ಹೇಳಿದ್ದು, ಅದನ್ನು ಕೇಳಿ ಬಹಳ ಮಂದಿ ಶಿಷ್ಯರು ಇದು ಕಠಿಣ ಮಾತೆಂದು ಬಿಟ್ಟುಹೋದದ್ದು ಅವತ್ತಿನ ಪಾಠ.

"ಅವ್ರು ಎದ್ದು ಹೊಂಟ್ರು," ಮಾಸ್ತರರು ಕಣ್ಣು ಮುಚ್ಚಿ ಹೇಳುತ್ತಿದ್ದರು. "ಚಪ್ಪಲಿ ಸಪ್ಪಳ ಕೇಳಾಕತ್ತೈತಿ. ಸ್ವಾಮಿ ನೋಡಾಕತ್ತಾನ. 'ನಿಲ್ಲರಪಾ, ನಾ ಬರೇ ಹೋಲಿಕಿ ಹೇಳೇನಿ' ಅಂತ ಒಂದ್ ಮಾತು ಅಂದಿದ್ರ ಎಲ್ಲಾರೂ ತಿರುಗಿ ಬರತಿದ್ರು. ಯಾಕ ಅನ್ಲಿಲ್ಲ?"

ಅವರೇ ಹೇಳಬಹುದೆಂದು ಎಲ್ಲರೂ ಕಾದರು. ಮಾಸ್ತರರು ಕಣ್ಣು ತೆರೆದರು. ಗೋಡೆಯನ್ನು ನೋಡಿದರು. "ಆರಾಧನ್ಯಾಗ ನಾವ್ ತಿನ್ನೂ ರೊಟ್ಟಿ ಸ್ವಾಮಿ ದೇಹದ ಬರೇ ಗುರುತು ಅಂತ ನಾ ಇಷ್ಟ್ ವರ್ಷ ನಿಮಗ ಹೇಳಿಕೋತ ಬಂದೇನಿ," ಅಂದರು. "ಇವತ್ತ ಅದು ನನಗs ಸಾಲವಲ್ತು." ಪ್ರಾರ್ಥನೆ ಮಾಡಿ ಪಾಠ ಮುಗಿಸಿಬಿಟ್ಟರು.

ತಿರುಗಿ ಬರುವಾಗ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಹೊಲಗಳ ಮೇಲೆ ಸಂಜೆಯ ಕೆಂಪು ಇಳಿದಿತ್ತು. ಮಾಸ್ತರರು ನನ್ನನ್ನು ಹತ್ತಿರ ಕೂಡಿಸಿಕೊಂಡರು.

"ಈರಪ್ಪ, ತಪ್ಪ ತಿಳೀಬ್ಯಾಡ್ರಿ. ಮುಂಜಾನಿ ಅಂಗೈಯಾಗ ಲಿಂಗ ಹಿಡದು ಕುಂಡ್ರತೀರಲ್ಲ, ಅದು ದೇವರ ಗುರುತೋ, ದೇವರೋ?"

ಇದೆಂಥ ಪ್ರಶ್ನೆ ಅನ್ನಿಸಿತು. "ಗುರುತು ಅಂತ ಯಾರ್ ಹೇಳಿದ್ರಿ ಮಾಸ್ತರ? ಗುರುತಿಗೆ ಯಾರರ ದಿನಾ ನೀರ್ ಹಾಕಿ, ಹೂವ ಏರಿಸಿ, ಎದಿಗೆ ಕಟಗೊಂಡು ತಿರಗ್ಯಾಡತಾರೇನ್ರಿ? ಅಂಗೈಯಾಗ ಇರೋದು ಅಂವನs."

"ಅಷ್ಟ್ ಸಣ್ಣದರಾಗ?"

"ಸಣ್ಣ ಆಗೇ ಬರತಾನ್ರಿ. ಇಲ್ಲಾಂದ್ರ ನನ್ನ ಅಂಗೈಯಾಗ ಹೆಂಗ ಹಿಡೀಬೇಕು?"

ನಾನು ಚಿಕ್ಕವನಿದ್ದಾಗ ಅಜ್ಜ ಹೇಳಿದ್ದನ್ನು ಹೇಳಿದೆ, ಅಷ್ಟೇ. ಮಾಸ್ತರರು ಬೈಲಹೊಂಗಲದ ದೀಪಗಳು ಕಾಣುವವರೆಗೆ ತಮ್ಮ ಅಂಗೈಯನ್ನೇ ನೋಡುತ್ತ ಕುಳಿತರು.

ಆಮೇಲೆ ಅವರು ಬಿಡುವಾದಾಗಲೆಲ್ಲ ಕಿತ್ತೂರಿನ ಕಡೆ ಹೋಗತೊಡಗಿದರು. ಅಲ್ಲಿ ಕಬ್ಬಿನ ಹೊಲಗಳ ನಡುವೆ ಹಂಚಿನ ಮಾಡಿನ ಒಂದು ಸಣ್ಣ ಕಥೋಲಿಕ ಚರ್ಚು. ಆ ರೊಟ್ಟಿ ಗುರುತಲ್ಲ, ಸ್ವಾಮಿಯೇ ಎನ್ನುವವರು ಅವರು; ಅದನ್ನಿಟ್ಟ ಪೆಟ್ಟಿಗೆಯ ಮುಂದೆ ಸದಾ ಒಂದು ದೀಪ ಉರಿಯುತ್ತದೆ. ಯಾರೂ ಇಲ್ಲದ ಹೊತ್ತಿನಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಬರುತ್ತಿದ್ದರು. "ಏನ್ ಮಾಡತೀರಿ ಅಲ್ಲಿ?" ಎಂದರೆ "ಏನೂ ಇಲ್ಲ. ದೀಪಾ ನೋಡತೇನಿ" ಎನ್ನುತ್ತಿದ್ದರು. ವೈನಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನ ಚಹಾ ಕೊಡುತ್ತ, "ಈರಪ್ಪಣ್ಣಾ, ಐತವಾರ ಸಭೆದಾಗ ನನ್ನ ಬಾಜೂಕs ಕುಂತಿರತಾರ. ಆದ್ರ ಅಲ್ಲಿ ಇರೂದಿಲ್ಲ" ಅಂದರು. ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮಾಸ್ತರರು ಮುಚ್ಚಿಡುವವರಲ್ಲ. ಕಥೋಲಿಕ ಸಭೆಗೆ ಸೇರುತ್ತೇನೆಂದು ಹಿರಿಯರ ಮುಂದೆ ತಾವೇ ಹೇಳಿದರು. ನಾನು ಮಂದಿರದ ಕಟ್ಟೆಯ ಮೇಲೆ ಕುಳಿತಿದ್ದೆ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಹಿರಿಯರಲ್ಲಿ ಮುಖ್ಯರಾದ ದೇವದಾನಪ್ಪನವರು ಮಾಸ್ತರರ ಹತ್ತಿರವೇ ಶಾಸ್ತ್ರ ಕಲಿತವರು. ಅವರೇ ಮೊದಲು ಕೇಳಿದರು.

"ಮಾಸ್ತರ, ಮೂರ್ತಿ ಮುಂದ ಮೇಣಬತ್ತಿ ಹಚ್ಚಾಕ ಹೋಗೋರು ನಮಗ ಇಷ್ಟೆಲ್ಲಾ ಯಾಕ ಕಲಿಸಿದ್ರಿ?"

"ನಿಮ್ಮನ್ನ ಬ್ಯಾಡಾಗಿ ಹೊಂಟಿಲ್ಲ, ದೇವದಾನಪ್ಪ. ನನಗ ಹಸಿವಾಗೈತಿ. ಊಟ ಇದ್ದಲ್ಲಿ ಹೊಂಟೇನಿ."

"ಹಂಗಾರ ಇಷ್ಟ್ ದಿನಾ ನಾವೆಲ್ಲಾ ಇಲ್ಲಿ ಉಪವಾಸ ಕುಂತಿದ್ವೇನ್ರಿ?"

ಮಾಸ್ತರರು ಎದ್ದು ಬಂದುಬಿಟ್ಟರು. ಹೊರಗೆ ಬಂದಾಗ ಅವರ ಮುಖ ಬೂದಿಯಾಗಿತ್ತು. "ಅಂವ ಕೇಳಿದ್ದು ಖರೇ ಐತಿ, ಈರಪ್ಪ. ನಾ ಹಂಗ ಅನ್ನಬಾರದಿತ್ತು" ಅಂದರು. ಶನಿವಾರದ ಪಾಠಗಳು ನಿಂತವು. ಮನೆ ಬಿಡಬೇಕಾಯಿತು. ವೈನಿ ಹುಟ್ಟಿ ಬೆಳೆದ ಅಂಗಳ ಅದು. ಅವರು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದರು, ತುಳಸಿಯಷ್ಟೇ ಅಕ್ಕರೆಯಿಂದ ಬೆಳೆಸಿದ್ದ ಕರಿಬೇವಿನ ಗಿಡಕ್ಕೆ ಒಂದು ಕೊಡ ನೀರು ಹಾಕಿದರು, ಬಾಗಿಲು ಎಳೆದುಕೊಂಡರು. ಕಿತ್ತೂರಿನಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ವೈನಿ ದಿನಾ ಅಲ್ಲಿಂದ ಬಸ್ಸಿಗೆ ಬಂದು ಆಸ್ಪತ್ರೆ ಡ್ಯೂಟಿ ಮಾಡತೊಡಗಿದರು. ಆದರೆ ಅವರು ಮತ ಬಿಡಲಿಲ್ಲ. "ನಮ್ಮಪ್ಪ ಕಲಿಸಿದ್ದು ನನಗ ಸಾಕಾಗೈತಿ" ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಅವರನ್ನು ಸೇರಿಸಿಕೊಂಡ ಐತವಾರ ನಾನು ರಜೆ ಹಾಕಿ ಹೋದೆ. ಕಬ್ಬು ಕಡಿಯುವ ಕಾಲ. ಬೆಳಗಿನ ಮಂಜು ಇನ್ನೂ ಹೊಲದ ಮೇಲಿತ್ತು. ಚರ್ಚಿನ ಗೇಟಿನ ಹತ್ತಿರ ಕಲ್ಲಿನ ಮೇಲೆ ವೈನಿ ಕುಳಿತಿದ್ದರು.

"ಅವ್ರು ಒಬ್ರs ಬರಬಾರದು ಅಂತ ಬಂದೇನಿ ಅಣ್ಣಾ. ಒಳಗ ಬರೂದಿಲ್ಲ. ನೀವು ಹೋಗ್ರಿ, ಏನ್ ಆತು ಅಂತ ಹೇಳ್ರಿ."

ಒಳಗೆ ಫಾದರ್ ಪ್ರಶ್ನೆ ಕೇಳಿದರು, ಮಾಸ್ತರರು ಉತ್ತರ ಹೇಳಿದರು, ಹಣೆಗೆ ಎಣ್ಣೆ ಹಚ್ಚಿಸಿಕೊಂಡರು. ಪ್ರಸಾದ ಕೊಡುವ ಹೊತ್ತಿಗೆ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಮಕ್ಕಳೆಲ್ಲ ಕಿಟಕಿಯತ್ತ ತಿರುಗಿದರು. ಮಾಸ್ತರರು ಕಣ್ಣು ಅಗಲ ತೆರೆದು ಫಾದರ್ ಕೈಯಲ್ಲಿನ ಆ ಬಿಳಿ ರೊಟ್ಟಿಯನ್ನೇ ನೋಡುತ್ತಿದ್ದರು. ಯಾರೋ ಬಹಳ ದೂರದಿಂದ ನಡೆದು ಬಂದವರನ್ನು ನೋಡುವ ಹಾಗೆ.

ಹೊರಗೆ ಬಂದು ವೈನಿಗೆ ಹೇಳಿದೆ. "ಅತ್ರೇನು?" ಎಂದು ಕೇಳಿದರು. "ಇಲ್ಲ" ಅಂದೆ. "ಛಲೋ ಆತು" ಎಂದು ಅವರೇ ಕಣ್ಣು ಒರೆಸಿಕೊಂಡರು.

ಅಲ್ಲಿ ಮಾಸ್ತರರಿಗೆ ಕೂಡಲೇ ಕಲಿಸಲು ಬಿಡಲಿಲ್ಲ. ಸ್ವಲ್ಪ ದಿನ ಸುಮ್ಮನೆ ಕುಳಿತಿರಿ ಎಂದರು ಫಾದರ್. ನನಗೆ ಸಿಟ್ಟು ಬಂತು, ಮಾಸ್ತರರಿಗೆ ಬರಲಿಲ್ಲ. ಸಣ್ಣ ಮಕ್ಕಳ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತು ಮಾತೆ ಮರಿಯಳ ಪ್ರಾರ್ಥನೆ ಕಲಿತರು. ಎರಡು ಜಡೆಯ ಹುಡುಗಿಯೊಬ್ಬಳು, "ಅಜ್ಜಾ, ಮತ್ತ ತಪ್ಪಿದ್ರಿ! ಮೊದಲಿಂದ ಹೇಳ್ರಿ" ಎಂದು ಗದರಿಸಿದರೆ, "ಹೂಂನವ್ವಾ" ಎಂದು ಮೊದಲಿಂದ ಹೇಳುತ್ತಿದ್ದರು. ಬರಬರುತ್ತ ಮಕ್ಕಳೇ ಅವರನ್ನು ಕಥೆ ಕೇಳತೊಡಗಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ಮತ್ತೆ ವಿಚಾರಣೆ ಶುರುವಾಯಿತು.

ಕೆಲವು ವರ್ಷ ಹೀಗೆ ಕಳೆದವು. ಆಮೇಲೆ ಅವರ ಎದೆ ದುರ್ಬಲವಾಯಿತು. ನಡೆದರೆ ಉಬ್ಬಸ. ಕೊನೆಯ ಸಲ ನಾನು ಹೋದಾಗ ಕಿಟಕಿಯ ಪಕ್ಕದ ಮಂಚದ ಮೇಲಿದ್ದರು. ಬೇವಿನ ಎಲೆಯ ನೆರಳು ಹೊದಿಕೆಯ ಮೇಲೆ ಅಲ್ಲಾಡುತ್ತಿತ್ತು. ಅವತ್ತು ಫಾದರ್ ಪ್ರಸಾದ ತರುವವರಿದ್ದರು. ವೈನಿ ಸ್ಟೂಲಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಅರಿವೆ ಹಾಸಿ, ಮೇಣಬತ್ತಿ ಇಟ್ಟು, ಅರಿವೆಯ ನಿರಿಗೆಯನ್ನು ಮತ್ತೆ ಮತ್ತೆ ಸವರುತ್ತಿದ್ದರು.

"ವೈನಿ, ನಿಮಗ ಇದರಾಗ ನಂಬಿಕಿ ಇಲ್ಲಲ್ರಿ?" ಎಂದು ಮೆಲ್ಲಗೆ ಕೇಳಿದೆ.

"ಯಾರ್ ಬರತಾರ ಅನ್ನೂದರಾಗ ನಮ್ಮಿಬ್ಬರದು ಜಗಳ ಐತಿ," ಅಂದರು. "ಬಂದವ್ರಿಗೆ ಹಾಸಬೇಕು ಅನ್ನೂದರಾಗ ಇಲ್ಲ."

ಮಂಚದ ಮೇಲೆ ಮಾಸ್ತರರು ಸದ್ದಿಲ್ಲದೆ ನಕ್ಕರು. ನನ್ನ ಕೈ ಹಿಡಿದುಕೊಂಡು, "ಕೇಳಿದ್ರಿಲ್ಲೋ ಈರಪ್ಪ? ಇಕಿ ಮುಂದ ನಾ ಏನ್ ಶಾಸ್ತ್ರ ಹೇಳಲಿ?" ಅಂದರು. ಫಾದರ್ ಬಂದಾಗ ವೈನಿ ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಅವರ ಪಕ್ಕ ನಿಂತೆ.

ಆ ವಾರದಲ್ಲೇ ಮಾಸ್ತರರು ತೀರಿಕೊಂಡರು. ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಜಾಗದಲ್ಲಿ ಮಣ್ಣು ಮಾಡಿದೆವು. ಬೈಲಹೊಂಗಲದ ಸಭೆಯಿಂದ ಯಾರೂ ಬರಲಿಲ್ಲ.

ಮರುದಿನ ಐತವಾರ. ಬೈಲಹೊಂಗಲದ ನಿಲ್ದಾಣದಲ್ಲಿ ನನ್ನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಿತ್ತೂರಿನ ಬಸ್ಸಿನಿಂದ ವೈನಿ ಇಳಿದರು. ನಿನ್ನೆಯದೇ ಸೀರೆ, ಅಂಚಿಗೆ ಕೆಂಪು ಮಣ್ಣು ಹತ್ತಿತ್ತು. "ಎಲ್ಲಿಗ್ರಿ ವೈನಿ, ಇಂಥಾದ್ರಾಗ?" ಅಂದೆ. "ನಮ್ಮ ಸಭೆಗೆ ಹೊಂಟೇನಿ ಅಣ್ಣಾ. ಐತವಾರ ಅಲ್ಲೇನು?" ಅಂದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ನಡೆದೆ.

ಆರಾಧನೆ ಶುರುವಾಗಿತ್ತು. ಅವರು ಒಳಗೆ ಹೋಗಿ ಹೆಂಗಸರ ಬೆಂಚಿನ ತುದಿಗೆ ಕುಳಿತರು. ಯಾರೂ ತಿರುಗಿ ನೋಡಲಿಲ್ಲ. ಹಾಡು ಮುಗಿದ ಮೇಲೆ ಹೊಸ ಪಾಸ್ಟರ್, ಪ್ರಾರ್ಥನೆ ಬೇಕಾದವರು ಹೇಳಬಹುದು ಎಂದರು. ಒಬ್ಬರು ಮಗಳ ಹೆರಿಗೆಗೆ ಕೇಳಿದರು, ಒಬ್ಬರು ಕಾಲುನೋವಿಗೆ. ವೈನಿ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ನನ್ನ ಯಜಮಾನ್ರು ಸಮಾಧಾನಪ್ಪ. ಅವ್ರ ಸಲುವಾಗಿ" ಅಂದರು.

ಪಾಸ್ಟರ್ ಹಿರಿಯರ ಬೆಂಚಿನತ್ತ ನೋಡಿದರು. ತೀರಿಹೋದವರಿಗಾಗಿ ಅವರಲ್ಲಿ ಪ್ರಾರ್ಥಿಸುವ ಪದ್ಧತಿಯಿಲ್ಲ. ಅದು ಕಥೋಲಿಕರ ಪದ್ಧತಿ. ವೈನಿ ಕುಳಿತುಕೊಳ್ಳಲಿಲ್ಲ. ಬಹಳ ಹೊತ್ತಾದ ಮೇಲೆ ದೇವದಾನಪ್ಪನವರು ಕೋಲು ಊರಿ ಎದ್ದರು. ತಲೆ ಬಗ್ಗಿಸಿ, "ಕರ್ತನೇ, ನಮ್ಮ ಮಾಸ್ತರ..." ಎಂದರು. ಮತ್ತೊಮ್ಮೆ "ನಮ್ಮ ಮಾಸ್ತರ" ಎಂದು ಹಾಗೇ ನಿಂತರು.

ಹೆಂಗಸರ ಬೆಂಚಿನಿಂದ ಯಾರೋ ಆಮೆನ್ ಅಂದರು. ಆಮೇಲೆ ಇಡೀ ಮಂದಿರ ಅಂದಿತು. ಹೊಸ್ತಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದ ನಾನೂ ಅಂದೆ.