ಹಳೆಯ ಕಾರಿನ ಪಕ್ಕದಲ್ಲಿ ಒಂದು ಬರಿಗಾಲು

ದೆವ್ವ, ಭೂತ, ಕನಸಿನಲ್ಲಿ ಬಂದು ಎಚ್ಚರಿಸಿದ ಅಜ್ಜಿ, ಇಂಥ ಮಾತು ಯಾರಾದರೂ ತೆಗೆದರೆ ಅವರನ್ನು ಪೂರ್ತಿ ಹೇಳಲು ಬಿಡದವನು ನಾನು. ಆಸ್ಟಿನ್‌ನ ಕನ್ನಡದವರ ಮನೆಗಳಲ್ಲಿ ಊಟವಾಗಿ ಮಕ್ಕಳೆಲ್ಲ ಮಹಡಿ ಹತ್ತಿದ ಮೇಲೆ ಈ ಕಥೆಗಳು ಶುರುವಾಗುತ್ತವೆ. ಬೆಳಕು ಎಷ್ಟಿತ್ತು, ಹಿಂದಿನ ದಿನ ಎಷ್ಟು ಹೊತ್ತು ನಿದ್ದೆ ಮಾಡಿದ್ದಿರಿ, ನೀವು ನೋಡಿದಿರೋ ಬೇರೆಯವರು ಹೇಳಿದ್ದೋ ಎಂದು ಒಂದೊಂದೇ ಕೇಳಿ ಎಷ್ಟೋ ಜನರ ಉತ್ಸಾಹಕ್ಕೆ ತಣ್ಣೀರೆರಚಿದ್ದೇನೆ. ನನ್ನ ಕೆಲಸವೂ ಅಂಥದ್ದೇ. ಕೆಟ್ಟುಹೋದ ಚಿಪ್ ಏಕೆ ಕೆಟ್ಟಿತು ಎಂದು ಹುಡುಕುವುದು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂಬ ನಂಬಿಕೆಗೇ ನನಗೆ ಸಂಬಳ ಬರುವುದು.

ಆದ್ದರಿಂದ ಈಗ ಹೇಳಹೊರಟಿರುವುದನ್ನು ಬರೆಯಲು ನನಗೆ ನಾಚಿಕೆ. ನನ್ನದೇ ಪ್ರಶ್ನೆಗಳನ್ನು ನನಗೇ ಹಾಕಿಕೊಂಡು ನೋಡಿದ್ದೇನೆ. ಅದು ಹಾಡುಹಗಲು, ಮಧ್ಯಾಹ್ನ ಮೂರು ಗಂಟೆ. ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ. ಆಗಿದ್ದು ನನಗೇ.

ಹತ್ತು ಹನ್ನೆರಡು ವರ್ಷಗಳ ಹಿಂದೆ ನನಗೊಂದು ಹುಚ್ಚು ಹತ್ತಿತ್ತು. ಅರುವತ್ತು ಎಪ್ಪತ್ತರ ದಶಕದಲ್ಲಿ ಈ ದೇಶದವರು ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರಿಗೆ ಲಾರಿಗೆ ಸಾಕಾಗುವಂಥ ಎಂಜಿನ್ ಕೂರಿಸಿ ಮಾರುತ್ತಿದ್ದರು. ಮಸಲ್ ಕಾರ್ ಎನ್ನುವುದು ಅವನ್ನೇ. ಅವುಗಳಲ್ಲಿ ಕೆಲವು ಮಾದರಿಗಳು ತೀರ ಅಪರೂಪ. ಕೊಂಡವರು ಒಂದಷ್ಟು ವರ್ಷ ಓಡಿಸಿ, ಏನೋ ಕೆಟ್ಟಾಗ ಮುಂದಿನ ವಾರ ಸರಿಮಾಡೋಣ ಎಂದು ಹುಲ್ಲು, ಟ್ರ್ಯಾಕ್ಟರ್ ಇಡುವ ಕೊಟ್ಟಿಗೆಗೆ ತಳ್ಳಿಬಿಟ್ಟಿರುತ್ತಾರೆ. ಆ ಮುಂದಿನ ವಾರ ನಲವತ್ತು ವರ್ಷವಾದರೂ ಬಂದಿರುವುದಿಲ್ಲ. ಅಂಥ ಕಾರುಗಳನ್ನು ಹುಡುಕಿಕೊಂಡು ಹಳ್ಳಿ ರಸ್ತೆಗಳಲ್ಲೂ ಗುಜರಿ ಅಂಗಡಿಗಳ ಹಿತ್ತಲಲ್ಲೂ ಅಲೆಯುವುದು ನನ್ನ ಶನಿವಾರಗಳ ಕೆಲಸವಾಗಿತ್ತು. ನನ್ನ ಹೆಂಡತಿ ಸುಮ ಇದಕ್ಕೆ ಗುಜರಿ ಯಾತ್ರೆ ಎಂದು ಹೆಸರಿಟ್ಟಿದ್ದಳು.

ಈ ಯಾತ್ರೆಗೆ ನನಗೊಬ್ಬರು ಜೊತೆಗಾರರಿದ್ದರು, ಡಾಕ್ಟರ್ ಅಣ್ಣಿಗೇರಿ. ಧಾರವಾಡದವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಕಡೆ ಮನೆ. ತಿಂಗಳಿಗೊಮ್ಮೆ ಬೆಳಗಿನ ಜಾವ ಎದ್ದು ಡ್ರೈವ್ ಮಾಡಿಕೊಂಡು ಆಸ್ಟಿನ್ ಪಕ್ಕದ ಲಿಯಾಂಡರ್‌ನ ನಮ್ಮ ಮನೆಗೆ ತಿಂಡಿಯ ಹೊತ್ತಿಗೆ ಬಂದುಬಿಡುತ್ತಿದ್ದರು. ಅಲ್ಲಿಂದ ನನ್ನ ಪಿಕಪ್‌ನಲ್ಲಿ ಇಬ್ಬರೂ ಹೊರಡುವುದು. ಅವರ ಹೆಂಡತಿ ಮಾಡಿಕೊಟ್ಟ ಶೇಂಗಾ ಉಂಡೆಯ ಡಬ್ಬಿ ಅವರ ಕೈಯಲ್ಲಿ ಯಾವಾಗಲೂ ಇರುತ್ತಿತ್ತು. ಕಂದು ಬಣ್ಣದ ಇಬ್ಬರು ಗಂಡಸರು ಟೆಕ್ಸಸ್‌ನ ಹೊಲದ ಗೇಟಿನ ಮುಂದೆ ನಿಂತು ನಿಮ್ಮ ಕೊಟ್ಟಿಗೆ ನೋಡಬಹುದೇ ಎಂದರೆ ಯಾರಿಗೂ ಅನುಮಾನ ಬರುತ್ತದೆ. ಶೇಂಗಾ ಉಂಡೆ ತಿಂದ ಮೇಲೆ ಅನುಮಾನ ಸ್ವಲ್ಪ ಕಡಿಮೆಯಾಗುತ್ತಿತ್ತು.

ಡಾಕ್ಟರಿಗೆ ಇನ್ನೊಂದು ಅಭ್ಯಾಸವಿತ್ತು. ಹಳೆಯ ಕಾರಿನೊಳಗೆ ಅವರು ಚಪ್ಪಲಿ ಹಾಕಿಕೊಂಡು ಕೂರುತ್ತಿರಲಿಲ್ಲ. ಇಲಿ ಗೂಡು ಕಟ್ಟಿದ ಸೀಟಾಗಲಿ, ತುಕ್ಕು ತಿಂದು ನೆಲ ಕಾಣುವ ಕಾರಾಗಲಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟೇ ಹತ್ತುವುದು. ಕಾಲಿಗೆ ಮೊಳೆ ಚುಚ್ಚೀತು ಎಂದರೆ, "ಯಾರೋ ಪ್ರೀತಿಲೆ ಇಟ್ಕೊಂಡಿದ್ದ ಗಾಡಿರೀ ಇದು, ಚಪ್ಪಲಿ ಹಾಕ್ಕೊಂಡು ಹೆಂಗ ಕುಂದ್ರೂದು?" ಎನ್ನುತ್ತಿದ್ದರು. ಡಾಕ್ಟರಾದವರೇ ಹೀಗಂದರೆ ನಾನೇನು ಹೇಳಲಿ.

ಇದು ನಡೆದ ಫೆಬ್ರವರಿಯಲ್ಲಿ ಸುಮಳಿಗೆ ಎಂಟನೆಯ ತಿಂಗಳು. ನಾನು ಕಾರುಗಳ ಕೆಳಗೆ ಮಲಗುವುದು ಅವಳಿಗೆ ಮೊದಲಿನಿಂದಲೂ ಭಯ. ಜಾಕ್ ಹಾಕಿ ಎತ್ತಿದ ಕಾರಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಡದೆ ಹೋಗಬಾರದು, ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಇದು ಈ ಕೆಲಸದ ಮೊದಲ ಪಾಠ. ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗುವುದಿಲ್ಲ ಎಂದು ಅವಳು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು ಮಾತು ತೆಗೆದುಕೊಂಡಿದ್ದಳು. ನಾನೂ ಕೊಟ್ಟಿದ್ದೆ. ಆದರೆ ಆ ಶನಿವಾರ ವಾಪಸು ಬರುವಾಗ ಜಾರ್ಜ್‌ಟೌನ್‌ನಲ್ಲಿ ಮಗುವಿನ ತೊಟ್ಟಿಲಿನ ದೊಡ್ಡ ಪೆಟ್ಟಿಗೆ ಹಾಕಿಕೊಂಡು ಬರಬೇಕಿತ್ತು. ಜಾಗ ಬೇಕಲ್ಲ ಎಂದು ಬೆಳಿಗ್ಗೆ ಪಿಕಪ್ ಖಾಲಿ ಮಾಡುವಾಗ ಸ್ಟ್ಯಾಂಡುಗಳನ್ನು ಗ್ಯಾರೇಜಿನಲ್ಲಿಯೇ ಇಳಿಸಿದೆ. ಇವತ್ತು ಬರೀ ನೋಡಿ ಬರುವುದು ತಾನೇ ಅಂದುಕೊಂಡೆ.

ಅಂದು ನೋಡಲು ಹೊರಟಿದ್ದ ಕಾರು ಇದ್ದದ್ದು ಜಾರ್ಜ್‌ಟೌನ್‌ನಿಂದ ಪೂರ್ವಕ್ಕೆ ಹೋದರೆ ಸಿಗುವ ಕಪ್ಪು ಮಣ್ಣಿನ ಬಯಲಿನಲ್ಲಿ. ಆ ಮಣ್ಣು ಕಂಡರೆ ಡಾಕ್ಟರಿಗೆ ಎಲ್ಲಿಲ್ಲದ ಹಿಗ್ಗು, ನಮ್ಮ ಎರಿ ಹೊಲಾನೇ ನೋಡ್ರಿ ಎಂದು ಪ್ರತಿ ಸಲವೂ ತೋರಿಸುತ್ತಿದ್ದರು. ಮೇವಿನ ಅಂಗಡಿಯಲ್ಲಿ ಸಿಕ್ಕ ಸುಳಿವು ಹಿಡಿದು ಹೋಗಿದ್ದೆವು. ಮನೆಯೊಡತಿ ಲೋರೀನ್ ಎಂಬ ಎಂಬತ್ತರ ಹತ್ತಿರದ ಹೆಂಗಸು. ಗಂಡ ಶಾಲೆಯ ಬಸ್ ಓಡಿಸುತ್ತಿದ್ದರಂತೆ, ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಆಕೆ ಉಂಡೆ ಬಾಯಿಗೆ ಹಾಕಿಕೊಂಡು, ಕೊಟ್ಟಿಗೆ ಅಲ್ಲಿದೆ, ಬೇಕಾದಷ್ಟು ಹೊತ್ತು ನೋಡಿ ಎಂದು ಕೈ ತೋರಿಸಿದರು.

ಕಾರಿನ ಮೇಲಿದ್ದ ಟಾರ್ಪಾಲು ಎಳೆದೆ. ಟೈರುಗಳೆಲ್ಲ ಕೊಳೆತು ಚಕ್ರಗಳು ಮಣ್ಣಿಗೆ ಕೂತಿದ್ದವು, ಬಣ್ಣ ಬೂದಿಯಾಗಿತ್ತು. ಆದರೆ ಅದರ ಬಾನೆಟ್ಟು, ಅದರ ಗೇರು, ಒಳಗಿನ ಮೀಟರು ಎಲ್ಲ ನಾವು ಮೂರು ವರ್ಷದಿಂದ ಹುಡುಕುತ್ತಿದ್ದ ಮಾದರಿಯದ್ದೇ. ಈ ಮಾದರಿಯ ನಕಲುಗಳು ಬಹಳ. ಅಸಲಿಯೋ ಅಲ್ಲವೋ ಎಂದು ತಿಳಿಯಬೇಕಾದರೆ ಗೇರ್‌ಬಾಕ್ಸಿನ ಪಕ್ಕದಲ್ಲಿ ಒತ್ತಿರುವ ಸಂಖ್ಯೆ ಓದಬೇಕು. ಅದು ಕಾಣುವುದು ಕೆಳಗಿನಿಂದ.

ಡಾಕ್ಟರು ರೂಢಿಯಂತೆ ಚಪ್ಪಲಿ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ನಾನು ಜಾಕ್ ತರಲು ಗೇಟಿನ ಬಳಿ ನಿಲ್ಲಿಸಿದ್ದ ಪಿಕಪ್‌ಗೆ ಹೋದೆ. ಹಿಂದಿರುಗಿ ಬಂದಾಗ ಸೀಟು ಖಾಲಿ ಇತ್ತು. ಅಲ್ಲೇ ಎಲ್ಲೋ ಹಿಂದುಗಡೆ ಇಣುಕುತ್ತಿರಬೇಕು ಎಂದುಕೊಂಡೆ. ನಿಜವಾಗಿ ನಡೆದಿದ್ದೇನೆಂದರೆ, ಲೋರೀನ್ ವರಾಂಡದಿಂದ ಕರೆದಿದ್ದರಿಂದ ಅವರು ಮನೆಯೊಳಗೆ ಹೋಗಿದ್ದರು. ಅದು ನನಗೆ ಆಗ ಗೊತ್ತಿರಲಿಲ್ಲ.

ಜಾಕ್ ಕೆಳಗೆ ಒಂದು ಹಲಗೆ ಕೊಟ್ಟು ಮುಂಭಾಗ ಎತ್ತಿದೆ. ಸ್ಟ್ಯಾಂಡು ಮನೆಯಲ್ಲಿರುವುದು ನೆನಪಾಯಿತು. ಸುಮಳ ಮುಖವೂ ನೆನಪಾಯಿತು, ಸುಳ್ಳೇಕೆ ಹೇಳಲಿ. ಎರಡೇ ನಿಮಿಷ, ನಂಬರ್ ಓದಿ ಹೊರಗೆ ಬಂದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ನೆಲಕ್ಕೆ ರಟ್ಟು ಹಾಸಿ, ಟಾರ್ಚ್ ಹಚ್ಚಿಕೊಂಡು, ತಲೆ ಮುಂದಾಗಿ ಬೆನ್ನ ಮೇಲೆ ಜಾರಿಕೊಂಡು ಒಳಗೆ ಹೋದೆ. ಸಂಖ್ಯೆಯ ಮೇಲೆ ಎಣ್ಣೆಯ ಜಿಡ್ಡು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಇನ್ನೊಂದು ಗೇಣು ಒಳಗೆ ಸರಿಯಲು ಹೊರಗಿದ್ದ ಕಾಲುಗಳಿಂದ ನೆಲ ಒದ್ದೆ. ಆಗ ನನ್ನ ಬಲಗಾಲು ಯಾರದೋ ಕಾಲಿಗೆ ತಗುಲಿತು.

ಇದನ್ನು ಓದುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಾಲು ತಗುಲಿದರೆ ನಾವೇನು ಮಾಡುತ್ತೇವೆ? ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ನನ್ನ ತಂದೆಯಂತೂ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಅದು ನನಗೆ ಯೋಚಿಸಿ ಮಾಡುವ ಕೆಲಸವೇ ಅಲ್ಲ. ಆಫೀಸಿನಲ್ಲಿ ಒಮ್ಮೆ ಮೇಜಿನ ಕೆಳಗೆ ಮ್ಯಾನೇಜರ ಬೂಟಿಗೆ ಕಾಲು ತಾಗಿ, ನಾನು ಬಗ್ಗಿ ಮುಟ್ಟಿದ್ದಕ್ಕೆ ಆತ ಹೌಹಾರಿ ಕುರ್ಚಿಯಿಂದ ಎದ್ದಿದ್ದ. ಇಲ್ಲಿ ತಗುಲಿದ್ದು ಹಿರಿಯರಾದ ಡಾಕ್ಟರ ಕಾಲು ಎಂದೇ ತಿಳಿದೆ. ಬರಿಗಾಲು ಬೇರೆ. ನಾನೂ ಶೂ ಬಿಚ್ಚಿಟ್ಟಿದ್ದೆ, ನೆಲಕ್ಕೆ ಹಿಡಿತ ಸಿಗಲೆಂದು. ಹಾಗಾಗಿ ಚರ್ಮಕ್ಕೆ ಚರ್ಮ ತಾಗಿದ್ದು ಸ್ಪಷ್ಟವಾಗಿತ್ತು.

"ಸಾರಿ ಡಾಕ್ಟ್ರೇ" ಎಂದು ಜಾರಿಕೊಂಡು ಹೊರಗೆ ಬಂದೆ. ಎದ್ದು ಕೂತೆ. ಟಾರ್ಚ್ ಒಳಗೇ ಬಿಟ್ಟಿದ್ದೆ, ಅದರ ಬೆಳಕು ನೋಡಿದ ಕಣ್ಣಿಗೆ ಕೊಟ್ಟಿಗೆಯೊಳಗಿನ ಮಬ್ಬಿನಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ಕೈ ಚಾಚಿ ಕಾಲು ಮುಟ್ಟಿದೆ. ಪಾದದ ಮೇಲ್ಭಾಗ, ಬೆರಳುಗಳು ಶುರುವಾಗುವ ಜಾಗ. ಒಣಗಿದ ಚರ್ಮ, ಮೇಲೆ ಸಣ್ಣ ಧೂಳು, ತಣ್ಣಗೂ ಇರಲಿಲ್ಲ, ಬಿಸಿಯಾಗಿಯೂ ಇರಲಿಲ್ಲ. ಮುಟ್ಟಿದೊಡನೆ ಅದು ಮೆಲ್ಲಗೆ ಹಿಂದಕ್ಕೆ ಸರಿಯಿತು. ನಮಸ್ಕಾರ ಮಾಡಲು ಹೋದರೆ ನಮ್ಮ ದೊಡ್ಡವರು ಸಂಕೋಚಪಟ್ಟುಕೊಂಡು, ಇರಲಿ ಬಿಡಪ್ಪ ಎಂದು ಕಾಲು ಎಳೆದುಕೊಳ್ಳುತ್ತಾರಲ್ಲ, ಹಾಗೆ. ನಾನು ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡೆ.

ಕಣ್ಣು ಮುಚ್ಚಿರುವಾಗಲೇ ಕಾರು ಬಿತ್ತು.

ಅಂಥ ದೊಡ್ಡ ಶಬ್ದವೇನೂ ಬರಲಿಲ್ಲ. ಗೋಧಿಯ ಮೂಟೆ ಇಳಿಸಿದ ಹಾಗೆ ಒಂದು ಧಪ್ ಎಂಬ ಸದ್ದು, ಆಮೇಲೆ ಧೂಳು. ಕಣ್ಣು ಬಿಟ್ಟಾಗ ಟಾರ್ಚಿನ ಬೆಳಕು ಇರಲಿಲ್ಲ. ನಾನು ಮಲಗಿದ್ದ ರಟ್ಟಿನ ಒಂದು ತುದಿ ಮಾತ್ರ ಹೊರಗಿತ್ತು, ಎಳೆದರೆ ಬರಲಿಲ್ಲ, ಕಾರಿನ ಅಡಿ ಅದನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಕೈ ಹಾಕಿ ನೋಡಿದೆ. ನನ್ನ ಎದೆ ಇದ್ದ ಜಾಗದಲ್ಲಿ ನಾಲ್ಕು ಬೆರಳಿನಷ್ಟೂ ಸಂದು ಇರಲಿಲ್ಲ.

"ಏನಾತ್ರೀ?" ಎಂದು ಕೂಗುತ್ತಾ ಡಾಕ್ಟರು ಓಡಿ ಬಂದರು. ಬಂದದ್ದು ಮನೆಯ ಕಡೆಯಿಂದ. ಕಾಲಲ್ಲಿ ಚಪ್ಪಲಿ ಇತ್ತು, ಕೈಯಲ್ಲಿ ಐಸ್ ಟೀ ಲೋಟ. ನೀವು ಈಗ ಇಲ್ಲಿ ಇದ್ದಿರಲ್ಲ ಎಂದೆ. "ನಾ ಎಲ್ಲಿದ್ದೆ? ಹತ್ತು ನಿಮಿಷ ಆತು, ಒಳಗ ಕುಂತೀನಿ. ಡಾಕ್ಟರ್ ಅಂತ ಗೊತ್ತಾದ ಕೂಡ್ಲೆ ಆಕಿ ಬಿಪಿ ಗುಳಿಗಿ ಎಲ್ಲಾ ತಂದು ಮುಂದಿಟ್ಲು" ಎಂದರು. ಹಿಂದೆಯೇ ನಡೆದುಬಂದ ಲೋರೀನ್ ಅದನ್ನೇ ಹೇಳಿದರು. ಅಲ್ಲಿಯೇ ಮಣ್ಣಿನಲ್ಲಿ ಕೂತು ಅತ್ತೆ. ಕಾಲಿನ ವಿಷಯಕ್ಕೆ ಅತ್ತದ್ದಲ್ಲ. ಪಿಕಪ್ ಖಾಲಿ ಇತ್ತು, ತೊಟ್ಟಿಲು ಇನ್ನೂ ತರಬೇಕಿತ್ತು ಎಂಬುದು ತಲೆಗೆ ಬಂದು ಅಳು ಬಂತು.

ಕಾರು ಬಿದ್ದದ್ದೇಕೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಯಿತು. ಜಾಕ್ ಇಟ್ಟ ಕಡೆ ಹಲಗೆಯ ಕೆಳಗೆ ಆರ್ಮಡಿಲೊ ಎಂಬ ಚಿಪ್ಪಿನ ಮೈಯ ಪ್ರಾಣಿ ತೋಡಿದ ಬಿಲವಿತ್ತು, ಮೇಲಿನ ಮಣ್ಣು ಕುಸಿದಿತ್ತು. ಅದರಲ್ಲಿ ವಿಚಿತ್ರ ಏನೂ ಇಲ್ಲ. ಕಾಲಿನದೇ ತೊಂದರೆ. ಡಾಕ್ಟರು ನನ್ನ ಬಿಪಿಯನ್ನೂ ನೋಡಿ, ಕೊಟ್ಟಿಗೆಯನ್ನೆಲ್ಲ ಜಾಲಾಡಿ ಟೈರಿನ ಹಳೆಯ ಟ್ಯೂಬೊಂದನ್ನು ಹಿಡಿದುಕೊಂಡು ಬಂದರು. "ಕಣ್ಣ ಮುಚ್ಚಿ ಇದನ್ನ ಮುಟ್ರಿ. ಹಿಂಗ ಇತ್ತೇನು?" ಮುಟ್ಟಿದೆ. ಹಾಗಿತ್ತು ಎಂದು ಹೇಳಲು ನನಗೆಷ್ಟು ಆಸೆಯಿತ್ತೆಂದರೆ ಎರಡು ಮೂರು ಸಲ ಮುಟ್ಟಿದೆ. ಹಾಗಿರಲಿಲ್ಲ. ಟ್ಯೂಬು ಹಿಂದಕ್ಕೆ ಸರಿಯುವುದಿಲ್ಲ.

ಇಲ್ಲಿ ಯಾರಾದರೂ ಬರಿಗಾಲಲ್ಲಿ ಓಡಾಡುವವರಿದ್ದಾರೆಯೇ ಎಂದು ಲೋರೀನ್‌ರನ್ನು ಕೇಳಿದೆ. ಆಕೆ ನಕ್ಕುಬಿಟ್ಟರು. ಈ ಕೆಂಜಿಗದ ನೆಲದಲ್ಲಿ ಬರಿಗಾಲೇ, ನನ್ನ ಗಂಡ ಸ್ನಾನಕ್ಕೆ ಬಿಟ್ಟರೆ ಮತ್ತೆಂದೂ ಬೂಟು ಬಿಚ್ಚಿದವರಲ್ಲ ಎಂದರು. ಕೊಟ್ಟಿಗೆಯಲ್ಲಿ ಎಂದಾದರೂ ಯಾರಿಗಾದರೂ ಏನಾದರೂ ಆಗಿತ್ತೇ ಎಂದು ತಡವರಿಸುತ್ತಾ ಕೇಳಿದೆ. ಆಡುಗಳು ಬಿಟ್ಟರೆ ಯಾರೂ ಇರಲೇ ಇಲ್ಲವಂತೆ. ಹಾಗೆ ಏನಾದರೂ ಆಗಿದ್ದಿದ್ದರೆ ನನಗೆ ಒಂದು ದಾರಿಯಾದರೂ ಸಿಗುತ್ತಿತ್ತೇನೋ, ನಂಬಲಿಕ್ಕೋ ನಗಲಿಕ್ಕೋ.

ನಂಬರನ್ನು ಓದಲಿಲ್ಲ. ಕೆಲವು ತಿಂಗಳ ನಂತರ ಡಾಲಸ್‌ನವರೊಬ್ಬರು ಬಂದು ಆ ಕಾರನ್ನು ಕೊಂಡುಹೋದರಂತೆ. ಅದು ಅಸಲಿಯಾಗಿತ್ತೋ ನಕಲಿಯೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಈ ವಿಷಯವನ್ನು ಯಾರಿಗೂ ಹೇಳಬಾರದೆಂದು ಡಾಕ್ಟರನ್ನು ಕೇಳಿಕೊಂಡಿದ್ದೆ, ಅವರು ಹೇಳಿಲ್ಲ. ತಂದೆಯ ಕಾಲು ಇರಬಹುದೇ ಎಂದು ನೀವು ಕೇಳಬಹುದು. ಅವರು ಆಗ ಮೈಸೂರಿನಲ್ಲಿ ಗಟ್ಟಿಮುಟ್ಟಾಗಿದ್ದರು, ಈಗಲೂ ಇದ್ದಾರೆ. ಆ ರಾತ್ರಿ ಫೋನ್ ಮಾಡಿದಾಗ, ಎಡಗಾಲು ಉಳುಕಿತ್ತು ಈಗ ವಾಸಿ ಎಂದೇನಾದರೂ ಹೇಳುತ್ತಾರೋ ಎಂದು ಕಾದೆ. ಹಾಲಿನವನ ಮೇಲೆ ದೂರು ಹೇಳಿ ಫೋನಿಟ್ಟರು.

ಇದನ್ನು ಬರೆಯುವ ಮುಂಚೆ ಸುಮಳಿಗೆ ಹೇಳಬೇಕಾಯಿತು. ಇಷ್ಟು ವರ್ಷ ಹೇಳಿರಲಿಲ್ಲ. ಹೋದ ವಾರ ಬಟ್ಟೆ ಮಡಚುತ್ತಾ ಕೂತಿದ್ದವಳ ಎದುರು ಕೂತು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಕಾಲಿನ ಭಾಗ ಬಂದಾಗ ಅವಳು ಬೆಚ್ಚಿಬೀಳಬಹುದು, ಯಾವುದೋ ದೇವರ ಹೆಸರು ಹೇಳಬಹುದು, ನಮ್ಮಿಬ್ಬರಿಗೂ ಒಂದು ಉತ್ತರ ಸಿಗಬಹುದು ಎಂದು ಒಳಗೊಳಗೇ ಆಸೆಯಿತ್ತು. ಅವಳು ಮಗಳ ಸ್ಕೂಲ್ ಶರ್ಟನ್ನು ಅರ್ಧ ಮಡಚಿ ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಕೇಳಿದಳು.

"ಅದು ಯಾರ ಕಾಲು ಅನ್ನೋದು ಆಮೇಲಿರಲಿ. ನನಗೆ ಮಾತು ಕೊಟ್ಟು ಹೋಗಿದ್ರಿ. ಕೆಳಗೆ ಯಾಕೆ ಹೋದ್ರಿ?"

ಮೊದಲನೆಯದಕ್ಕೆ ಉತ್ತರ ಗೊತ್ತಿಲ್ಲವೆಂದು ಹೇಳಲು ನಾನು ತಯಾರಾಗಿ ಕೂತಿದ್ದೆ. ಎರಡನೆಯದಕ್ಕೂ ನನ್ನ ಹತ್ತಿರ ಉತ್ತರವಿಲ್ಲ ಎಂಬುದು ಅಲ್ಲಿ ಕೂತಾಗಲೇ ತಿಳಿದದ್ದು.